ನೀರಿಗೆ ಪಾಸಾದ ಕವರು

ಪೀಣ್ಯ ಎರಡನೇ ಹಂತದ ಗುರುಸಿದ್ಧ ಪ್ಯಾಕೇಜಿಂಗ್‌ನಲ್ಲಿ ಮಹಾನಂದಾಳಿಗೆ ಎರಡು ಕೆಲಸವಿತ್ತು. ಬೆಳಿಗ್ಗೆ ಯಂತ್ರದಿಂದ ಇಳಿದ ಪ್ಲಾಸ್ಟಿಕ್ ಕವರುಗಳನ್ನು ಎಳೆದು, ಹರಿದು, ಮೇಲಿನ ಬಣ್ಣಕ್ಕೆ ಟೇಪು ಅಂಟಿಸಿ ಕಿತ್ತು ನೋಡುವುದು. ಊಟದ ನಂತರ ಗಿರಾಕಿಗಳು ಕೇಳಿದ ಕಾಗದಪತ್ರ ಕಳಿಸುವುದು. ಮೊದಲನೆಯದೆಂದರೆ ಅವಳಿಗೆ ಇಷ್ಟ. ಎರಡನೆಯದು ಕೈಗೆ ರೂಢಿಯಾಗಿಬಿಟ್ಟಿತ್ತು, ಮನಸ್ಸು ಅಲ್ಲಿರಬೇಕೆಂದೇನೂ ಇರಲಿಲ್ಲ.

ಹುನಗುಂದದಲ್ಲಿ ಬಿ.ಎಸ್ಸಿ. ಮುಗಿಸಿ, ಗಾರೆ ಕೆಲಸಕ್ಕೆ ಬಂದಿದ್ದ ಅಣ್ಣನ ಬೆನ್ನಿಗೆ ಬೆಂಗಳೂರು ಸೇರಿದವಳು ಅವಳು. ಅಣ್ಣ ಕೆಲಸ ಸಿಕ್ಕ ಕಡೆ ಹೋಗುತ್ತ ಈಗ ಹೊಸೂರಿನ ಕಡೆ ಇದ್ದ. ಮಹಾನಂದಾ, ಅವಳ ತಾಯಿ ಶೇಖವ್ವ ಇಬ್ಬರೂ ಚೊಕ್ಕಸಂದ್ರದಲ್ಲಿ ಒಂದು ರೂಮು ಹಿಡಿದಿದ್ದರು. ಕಾರ್ಖಾನೆಗೆ ಅಲ್ಲಿಂದ ಇಪ್ಪತ್ತು ನಿಮಿಷದ ನಡಿಗೆ.

ಮಾಲೀಕರು ಚನ್ನವೀರಪ್ಪ. ತಿಪಟೂರಿನ ಕಡೆಯವರು. ಮೂವತ್ತು ವರ್ಷದ ಹಿಂದೆ ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ ಮದುವೆ ಕಾರ್ಡಿಗೆ ಅಚ್ಚುಮೊಳೆ ಜೋಡಿಸುತ್ತಿದ್ದರು. ಕವರಿನ ಮೇಲಿನ ಕೆಂಪು ನೋಡಿಯೇ ಯಾವ ಶಾಯಿ ಎಷ್ಟು ಬೆರೆತಿದೆಯೆಂದು ಹೇಳಬಲ್ಲವರು. ಇಂಗ್ಲಿಷ್ ಅಕ್ಷರಗಳನ್ನು ತಪ್ಪಿಲ್ಲದೆ ಜೋಡಿಸುವಷ್ಟು ಬಲ್ಲರು, ಅರ್ಥದ ಗೊಡವೆಗೆ ಹೋಗುತ್ತಿರಲಿಲ್ಲ. ಇಂಗ್ಲಿಷಿನ ಕಾಗದ ಬಂದರೆ "ಮಹಾನಂದಾ ನೋಡ್ತಾಳೆ" ಎನ್ನುತ್ತಿದ್ದರು. ಅವಳು ನೋಡಿ, ಬೆರಳಿಟ್ಟ ಜಾಗದಲ್ಲಿ ಅವರು ಸಹಿ ಹಾಕುತ್ತಿದ್ದರು. ಆರು ವರ್ಷ ಹೀಗೇ ನಡೆದಿತ್ತು.

2019ರ ಫೆಬ್ರವರಿಯ ಒಂದು ಮಧ್ಯಾಹ್ನ ಹೂಡಿಯಿಂದ ಸುಮಂಗಲಾ ಫೋನ್ ಮಾಡಿದಳು. ಸುಮಂಗಲಾ ಬಸವನಬಾಗೇವಾಡಿಯ ಹೆಂಗಸು, ನಲವತ್ತೈದು ದಾಟಿದವಳು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಿಗೆ ಮನೆಯಲ್ಲೇ ತಟ್ಟಿದ ರೊಟ್ಟಿ ಮಾರುತ್ತಾ ಶುರುಮಾಡಿ, ಈಗ ಒಂಬತ್ತು ಹೆಂಗಸರನ್ನಿಟ್ಟುಕೊಂಡು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿಸುತ್ತಿದ್ದಳು. ಅವಳ ಚಟ್ನಿಯ ಕವರೆಲ್ಲ ಗುರುಸಿದ್ಧದಲ್ಲೇ ಆಗುತ್ತಿದ್ದದ್ದು. ಮಹಾನಂದಾಳಿಗೆ ದಿನವಿಡೀ ಬೆಂಗಳೂರಿನ ಮಾತಾಡಿದ ಮೇಲೆ ಅವಳ ಫೋನ್ ಬಂದರೆ ಊರಿನ ಬಸ್ಸು ಹತ್ತಿದ ಹಾಗಾಗುತ್ತಿತ್ತು.

"ಏನ್ರೀ ಮಹಾನಂದಾ, ಆರಾಮ ಅದೀರಿ? ಒಂದು ದೊಡ್ಡ ಸೂಪರ್ ಮಾರ್ಕೆಟ್‌ನವರು ನನ್ನ ಶೇಂಗಾ ಚಟ್ನಿ ಹದಿನೆಂಟು ಅಂಗಡ್ಯಾಗ ಇಡ್ತೀವಿ ಅಂದಾರ್ರೀ! ಅದಕ್ಕ ಏನೋ ಫಾರಂ ಕಳಿಸ್ಯಾರ, ಕವರ್ ಮಾಡೋರು ತುಂಬಬೇಕಂತ. ನಿಮಗ ಮೇಲ್ ಹಾಕೇನಿ. ಲಗೂನ ಮಾಡಿ ಕೊಡ್ರಿ."

"ಸಂಜೀಕೆ ಕಳಸ್ತೀನಿ ಅಕ್ಕಾರ. ನಮ್ಮ ಕಡೆ ಎಲ್ಲಾ ರೆಡಿ ಐತಿ."

ನಿಜಕ್ಕೂ ರೆಡಿ ಇತ್ತು. ಕವರಿನಿಂದ ಆಹಾರಕ್ಕೆ ಏನೂ ಇಳಿಯುವುದಿಲ್ಲ ಎಂದು ಲ್ಯಾಬಿನವರು ಕೊಟ್ಟ ಪರೀಕ್ಷೆಯ ವರದಿ ಅವಳ ಕಂಪ್ಯೂಟರಿನಲ್ಲಿ 'ರಿಪೋರ್ಟ್ ಫೈನಲ್' ಎಂಬ ಹೆಸರಿನಲ್ಲಿ ಕೂತಿತ್ತು. ಯಾರೇ ಕೇಳಲಿ, ಅದನ್ನು ಸೇರಿಸಿ, ಮೊಹರು ಹಾಕಿದ ಒಂದು ಪತ್ರದ ಜೊತೆ ಕಳಿಸಿದರೆ ಕೆಲಸ ಮುಗಿಯುತ್ತಿತ್ತು. ಇಲ್ಲಿಯವರೆಗೆ ಇಪ್ಪತ್ಮೂರು ಗಿರಾಕಿಗಳಿಗೆ ಕಳಿಸಿದ್ದಳು. ಯಾರೂ ಮರುಪ್ರಶ್ನೆ ಕೇಳಿರಲಿಲ್ಲ.

ಈ ಫಾರಂ ಬೇರೆಯಾಗಿತ್ತು. ಜುಲೈನಿಂದ ಹೊಸ ನಿಯಮ ಜಾರಿಗೆ ಬರುತ್ತದೆಂದು ದೊಡ್ಡ ಅಂಗಡಿಗಳವರೆಲ್ಲ ಎಚ್ಚರವಾಗಿದ್ದ ಕಾಲ ಅದು. ನಾಲ್ಕು ಪುಟ, ಒಂದೊಂದು ಪ್ರಶ್ನೆಗೂ ಪುರಾವೆ ಕೇಳಿದ್ದರು. ಹೊರಗಿನ ಶಾಯಿ ಯಾರದು? ನಡುವಿನ ಅಂಟು ಯಾವುದು? ಒಳಗಿನ ಹಾಳೆ ಎಲ್ಲಿಂದ ಬಂತು? ಮೂರನೇ ಪುಟದಲ್ಲಿ ಒಂದು ಪ್ರಶ್ನೆ: ಕವರಿನೊಳಗೆ ತುಂಬುವ ಪದಾರ್ಥದಲ್ಲಿ ಎಣ್ಣೆಯ ಅಂಶ ಇದೆಯೇ? ಇದ್ದರೆ, ಕವರನ್ನು ಯಾವ ದ್ರವದಲ್ಲಿ ಅದ್ದಿ ಪರೀಕ್ಷಿಸಲಾಗಿದೆ?

ಮಹಾನಂದಾ ವರದಿಯನ್ನು ತೆರೆದಳು. ಅದರ ಮೊದಲ ಪುಟ ಅವಳಿಗೆ ಬಾಯಿಪಾಠ. 2016ರ ತಾರೀಖು, ಲ್ಯಾಬಿನ ಹೆಸರು, ಕೆಳಗೆ ದಪ್ಪಕ್ಷರದಲ್ಲಿ 'ಪಾಸ್'. ಅದರ ಮುಂದೆ ಅವಳು ಎಂದೂ ಹೋಗಿರಲಿಲ್ಲ. ಈಗ ಹೋದಳು. ಮೂರನೇ ಪುಟದ ಪಟ್ಟಿಯಲ್ಲಿ ನಾಲ್ಕು ಸಾಲುಗಳಿದ್ದವು. ಮೊದಲ ಸಾಲು ಶುದ್ಧ ನೀರು: ಮಿತಿ ಹತ್ತು ಮಿಲಿಗ್ರಾಂ, ಇಳಿದದ್ದು ಎರಡು. ಹುಳಿಯ ಸಾಲು, ಆಲ್ಕೋಹಾಲಿನ ಸಾಲು, ಎಣ್ಣೆಯ ಬದಲಿಗೆ ಬಳಸುವ ದ್ರಾವಕದ ಸಾಲು, ಈ ಮೂರರ ಮುಂದೆಯೂ ಒಂದೇ ಉತ್ತರ: ಪರೀಕ್ಷಿಸಿಲ್ಲ. ಅಡಿಯಲ್ಲಿ ಸಣ್ಣಕ್ಷರದಲ್ಲಿ 'ಮಾದರಿ ಕಳಿಸಿದವರ ಕೋರಿಕೆಯಂತೆ' ಎಂದಿತ್ತು.

ಮಾದರಿ ಕಳಿಸಿದವಳು ಅವಳೇ. ನೆನಪಾಯಿತು. ಆಗಿನ್ನೂ ರಾಗಿ ಹಿಟ್ಟಿನ ಗಿರಾಕಿಯೊಬ್ಬರೇ ಇದ್ದದ್ದು. ಒಳಗೆ ಏನು ತುಂಬುತ್ತೀರಿ ಎಂದು ಲ್ಯಾಬಿನವರು ಕೇಳಿದಾಗ 'ಹಿಟ್ಟು' ಎಂದು ಬರೆದುಕೊಟ್ಟಿದ್ದಳು. ಹಿಟ್ಟಿಗೆ ಅದು ಸರಿಯಾದ ಪರೀಕ್ಷೆಯೇ ಆಗಿತ್ತು. ಆಮೇಲೆ ಅದೇ ಕಾಗದ ಚಟ್ನಿಗೆ, ಕೊಬ್ಬರಿ ಮಿಠಾಯಿಗೆ, ಹುರಿಗಡಲೆಗೆ, ಉಪ್ಪಿನಕಾಯಿಗೆ ಹೋಗಿತ್ತು. ಕಳಿಸಿದವಳೂ ಅವಳೇ. ಯಾರಾದರೂ ನೋಡುತ್ತಿದ್ದಾರೇನೋ ಎಂಬಂತೆ ಸುತ್ತ ನೋಡಿದಳು. ಗಾಜಿನ ಆಚೆ ಪ್ರಿಂಟಿಂಗ್ ಯಂತ್ರ ಎಂದಿನಂತೆ ತಿರುಗುತ್ತಿತ್ತು.

ಆ ಸಂಜೆ ಅವಳು ಏನನ್ನೂ ಕಳಿಸಲಿಲ್ಲ.

ಮನೆಯಲ್ಲಿ ಶೇಖವ್ವ ಡಬ್ಬಿ ತೊಳೆಯುತ್ತಾ ಕೂತಿದ್ದಳು. ಕಳೆದ ತಿಂಗಳು ಎಣ್ಣೆಗಾಯಿ ಹಾಕಿಟ್ಟಿದ್ದ ಪ್ಲಾಸ್ಟಿಕ್ ಡಬ್ಬಿ. ಮೂರು ಸಲ ಸೋಪು ಹಾಕಿದರೂ ಅದರ ಬಣ್ಣ, ವಾಸನೆ ಹೋಗಿರಲಿಲ್ಲ.

"ಯವ್ವಾ, ಆ ಡಬ್ಬ್ಯಾಗ ನೀರ ಇಟ್ಟರ ಏನೂ ಆಗೂದಿಲ್ಲ, ಎಣ್ಣಿ ಇಟ್ಟರ ಯಾಕ ಹಿಂಗ ಆಗ್ತೈತಿ?" ಎಂದು ಮಹಾನಂದಾ ಕೇಳಿದಳು. ಉತ್ತರ ಅವಳಿಗೆ ಗೊತ್ತಿತ್ತು, ಕಾಲೇಜಿನಲ್ಲಿ ಓದಿದ್ದಳು. ಆದರೂ ಕೇಳಿದಳು.

"ನೀರಿನ ಗುಣಾನ ಬ್ಯಾರೆ, ಎಣ್ಣಿ ಗುಣಾನ ಬ್ಯಾರೆ," ಎಂದಳು ಶೇಖವ್ವ. "ನೀರು ಮುಟ್ಟಿ ಹೋಗ್ತೈತಿ. ಎಣ್ಣಿ ಮುಟ್ಟಿದ್ದನ್ನ ಬಿಡಂಗಿಲ್ಲ. ತನ್ನದು ಅದಕ್ಕ ಕೊಡ್ತೈತಿ, ಅದರದ್ದು ತಾನು ತಗೋತೈತಿ. ಅದಕ್ಕ ನಿಮ್ಮಜ್ಜಿ ಹಿಂಡಿ, ಉಪ್ಪಿನಕಾಯಿ ಭರಣ್ಯಾಗ ಇಡತಿದ್ಲು. ಯಾಕ, ಇವತ್ತ ಏನಾತು?"

"ಏನಿಲ್ಲ ಬಿಡು."

ಊಟಕ್ಕೆ ಕೂತಾಗ ತಟ್ಟೆಯ ಅಂಚಿನಲ್ಲಿ ಸುಮಂಗಲಾಳ ಶೇಂಗಾ ಚಟ್ನಿಯಿತ್ತು. ಹಬ್ಬಕ್ಕೆಂದು ಅವಳೇ ಕಳಿಸಿಕೊಟ್ಟಿದ್ದ ಪ್ಯಾಕೆಟ್ಟು. ಮಹಾನಂದಾ ಅದನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದಳು. ಬೆಳ್ಳುಳ್ಳಿ, ಖಾರ, ಹುರಿದ ಶೇಂಗಾದ ಎಣ್ಣೆ ಬಿಟ್ಟು ಬೇರೆ ಏನೂ ನಾಲಿಗೆಗೆ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಫಾರಂ ಹಿಡಿದು ಚನ್ನವೀರಪ್ಪನವರ ಕೋಣೆಗೆ ಹೋದಳು. ಅವರು ಆಗಷ್ಟೇ ವಿಭೂತಿ ಹಚ್ಚಿಕೊಂಡು, ಫೋಟೋಗಳಿಗೆ ಊದುಬತ್ತಿ ಹಚ್ಚಿ ಕೂತಿದ್ದರು.

"ಸಾರ್, ಸುಮಂಗಲಾ ಮೇಡಂ ಫಾರಂಗೆ ನಮ್ಮ ಹತ್ರ ಇರೋ ರಿಪೋರ್ಟ್ ಸರಿಹೋಗಲ್ಲ."

"ಯಾಕಮ್ಮಾ? ಪಾಸ್ ಅಂತ ಇದೆಯಲ್ಲ."

"ಅದು ನೀರಲ್ಲಿ ಟೆಸ್ಟ್ ಮಾಡಿರೋದು. ಅವರದು ಎಣ್ಣೆ ಐಟಂ. ಎಣ್ಣೆಗೆ ನಾವು ಟೆಸ್ಟೇ ಮಾಡ್ಸಿಲ್ಲ."

ಚನ್ನವೀರಪ್ಪ ಕನ್ನಡಕ ಮೇಲೇರಿಸಿದರು. "ಮೂರು ವರ್ಷದಿಂದ ಕಳಿಸ್ತಾ ಇದೀವಿ. ಯಾರಿಗಾದ್ರೂ ಹೊಟ್ಟೆ ನೋವು ಬಂತಾ? ಪೀಣ್ಯದಲ್ಲಿ ಒಬ್ಬ ಕೂಡ ಆ ಮೂರನೇ ಪುಟ ಓದಲ್ಲ ಕಣಮ್ಮ. ತುಂಬಿ ಕಳ್ಸು."

"ಓದಿಲ್ದೇ ಇದ್ದಾಗ ಕಳಿಸ್ದೆ ಸಾರ್. ಈಗ ಓದ್ಬಿಟ್ಟಿದೀನಿ. ಕೊನೇಲಿ ನನ್ನ ಹೆಸರು ಬರೆದು ಸೈನ್ ಮಾಡ್ಬೇಕು. ನಾನು ಮಾಡಲ್ಲ."

ಆರು ವರ್ಷದಲ್ಲಿ ಅವಳು ಅವರಿಗೆ 'ಮಾಡಲ್ಲ' ಎಂದದ್ದು ಅದೇ ಮೊದಲು. ಅವರ ಮುಖ ಬಿಗಿಯಿತು. "ಸರಿ. ಸೈನ್ ಮಾಡೋಕೆ ನಾನಿದೀನಲ್ಲ. ಕೊಡಿಲ್ಲಿ," ಎಂದು ಪೆನ್ನು ತೆಗೆದರು. "ಎಲ್ಲಿ ಹಾಕ್ಬೇಕು?"

ಅವಳು ಬೆರಳಿಟ್ಟಳು. ಅವರು ಪೆನ್ನಿನ ತುದಿಯನ್ನು ಗೆರೆಯ ಮೇಲಿಟ್ಟರು. ಯಾಕೋ ತಡೆದು, ಗೆರೆಯ ಮೇಲಿದ್ದ ನಾಲ್ಕು ಸಾಲು ಇಂಗ್ಲಿಷನ್ನು ನೋಡಿದರು.

"ಇದೇನು ಬರ್ದಿದಾರೆ, ಹೇಳು."

ಇಷ್ಟು ವರ್ಷ ಅವರು ಅದನ್ನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಮಹಾನಂದಾ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದೇ ಮಾತನ್ನು ಕನ್ನಡದಲ್ಲಿ ಹುಡುಕುತ್ತಾ ಹೇಳಿದಳು.

"'ಕೆಳಗೆ ಹೆಸರು ಬರೆದಿರೋ ನಾನು ಹೇಳೋದೇನಂದ್ರೆ, ನಾವು ಮಾಡಿಕೊಡೋ ಈ ಕವರು, ಒಳಗಿರೋ ಎಣ್ಣೆ ಪದಾರ್ಥವನ್ನ ಆರು ತಿಂಗಳು ಮುಟ್ಕೊಂಡಿದ್ರೂ, ತಿನ್ನೋರಿಗೆ ಕೆಡುಕು ಮಾಡುವಂಥ ಏನನ್ನೂ ಅದಕ್ಕೆ ಬಿಡೋದಿಲ್ಲ. ಇದನ್ನ ನಾನು ಪರೀಕ್ಷೆ ಮಾಡಿಸಿ, ತಿಳಿದು ಹೇಳ್ತಾ ಇದೀನಿ. ಇದು ನನ್ನ ಮಾತು.'"

ಕಡೆಯ ಮೂರು ಶಬ್ದ ಇಂಗ್ಲಿಷಿನಲ್ಲಿ ಹಾಗೆಯೇ ಇತ್ತೋ ಇಲ್ಲವೋ, ಅವಳಿಗೂ ಖಚಿತವಿರಲಿಲ್ಲ. ಆದರೆ ಕನ್ನಡದಲ್ಲಿ ಹೇಳಹೊರಟರೆ ಅದು ಹಾಗೆಯೇ ಬರುತ್ತಿತ್ತು.

ಚನ್ನವೀರಪ್ಪ ಆ ನಾಲ್ಕು ಸಾಲುಗಳ ಮೇಲೆ ಬೆರಳಾಡಿಸಿದರು. ಆಮೇಲೆ, "ಇಷ್ಟು ದಿನ ನಾನು ಸೈನ್ ಮಾಡಿದ್ದೆಲ್ಲ ಹಿಂಗೇ ಇತ್ತಾ?" ಎಂದು ಕೇಳಿದರು.

"ಸ್ವಲ್ಪ ಹೆಚ್ಚುಕಮ್ಮಿ ಹಿಂಗೇ ಸಾರ್."

ಅವರು ಪೆನ್ನಿನ ಕ್ಯಾಪು ಹಾಕಿದರು. "ಟೆಸ್ಟಿಗೆ ಕಳ್ಸು," ಎಂದರು. ಅವಳು ಬಾಗಿಲು ದಾಟುವಾಗ ಇನ್ನೊಂದು ಮಾತು ಕೇಳಿತು, "ನಂಗೆ ಇದು ಮೊದ್ಲೇ ಹೇಳ್ಬೇಕಿತ್ತು ನೀನು." ಅದರಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಮಹಾನಂದಾ ತಿರುಗಿ ನೋಡಲಿಲ್ಲ.

ಲ್ಯಾಬಿಗೆ ಕವರಿನ ಜೊತೆಗೆ ಒಳಹಾಳೆಯ ತುಣುಕನ್ನೂ ಕಳಿಸಬೇಕಿತ್ತು. ಅದನ್ನು ತರಲು ಅವಳು ಸ್ಟೋರಿಗೆ ಹೋದಳು. ಅಲ್ಲಿ ರೋಲುಗಳನ್ನು ಹೊರುವುದೂ ಲೆಕ್ಕ ಇಡುವುದೂ ಯಮನೂರನ ಕೆಲಸ. ಕುಷ್ಟಗಿಯ ಕಡೆಯವನು, ನಲವತ್ತರ ಆಳು, ಮಾತು ಕಡಿಮೆ.

"ಹಳೇ ರೋಲಿಂದು ಕೊಡ್ಲೋ, ಹೊಸಾದ್ದು ಕೊಡ್ಲೋ?" ಎಂದ ಯಮನೂರ.

"ಹಳೇದು ಹೊಸಾದು ಅಂದ್ರ ಏನೋ ಯಮನೂರಣ್ಣ?"

"ಒಳಗಿನ ಹಾಳಿ ಬದಲಾಗಿ ವರ್ಷಾ ಆತಲ್ಲವಾ. ಹಳೇ ಕಂಪನಿಯವ್ರು ಮಾಲ್ ತಡಾ ಮಾಡಾಕತ್ತಿದ್ರು, ಸಾಹೇಬ್ರು ಬ್ಯಾರೆ ಕಡೆ ತರಿಸಿದ್ರು. ಇದು ಕೈಗೆ ಸ್ವಲ್ಪ ಜಾರತೈತಿ, ಮೇಣ ಸವರಿದಂಗ. ನಿಂಗ ಗೊತ್ತಿಲ್ಲಾ? ಕಾಗದ ನಿನ್ನ ಕಡೇನ ಬಂದಿತ್ತಲ್ಲ."

ಬಂದಿತ್ತು. ಅವಳು ಮೇಜಿಗೆ ಓಡಿಹೋಗಿ ಫೈಲು ತೆಗೆದಳು. ಹೊಸ ಹಾಳೆ ಕೊಟ್ಟವರ ಪತ್ರ ಅದರಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಅವಳದೇ ಅಕ್ಷರದಲ್ಲಿ 'ಬಂದಿದೆ' ಎಂದು ಬರೆದು ತಾರೀಖು ಹಾಕಿತ್ತು. ಪತ್ರದಲ್ಲಿ 'ಪ್ಯಾಕಿಂಗ್‌ಗೆ ಯೋಗ್ಯ' ಎಂದಿತ್ತು. ಹಳೆಯವರ ಪತ್ರದಲ್ಲಿ 'ಆಹಾರದ ಪ್ಯಾಕಿಂಗ್‌ಗೆ ಯೋಗ್ಯ' ಎಂದಿತ್ತು. ಒಂದು ಶಬ್ದ ಇರಲಿಲ್ಲ. ಆ ಹಾಳೆ ಬಟ್ಟೆಗೋ ಮೊಳೆಗೋ ಆಗಬಹುದಾದದ್ದು. ಅವರು ಸುಳ್ಳೇನೂ ಹೇಳಿರಲಿಲ್ಲ.

ವರದಿ ಬರಲು ಹನ್ನೆರಡು ದಿನ ಹಿಡಿಯಿತು. ಆ ಹನ್ನೆರಡು ದಿನವೂ ಸುಮಂಗಲಾ ಫೋನ್ ಮಾಡಿದಳು. "ಇನ್ನೊಂದೆರಡು ದಿನ ಅಕ್ಕಾರ" ಎನ್ನುವುದಾಯಿತು. ಚನ್ನವೀರಪ್ಪ ಚಟ್ನಿ ಕವರಿನ ಕೆಲಸ ಮಾತ್ರ ನಿಲ್ಲಿಸಿ, ಬೇರೆಲ್ಲ ನಡೆಸಿದರು. ಬುಧವಾರ ಮಧ್ಯಾಹ್ನ ಮೇಲ್ ಬಂತು. ಮಹಾನಂದಾ ಮೊದಲ ಪುಟ ಬಿಟ್ಟು ನೇರ ಮೂರಕ್ಕೆ ಹೋದಳು. ನೀರು: ಪಾಸ್. ಹುಳಿ: ಪಾಸ್. ಎಣ್ಣೆಯ ಬದಲಿನ ದ್ರಾವಕ: ಮಿತಿ ಹತ್ತು, ಇಳಿದದ್ದು ಹದಿನಾಲ್ಕೂವರೆ.

"ತಿಂದೋರಿಗೆ ಏನಾಗುತ್ತೆ?" ಎಂದು ಚನ್ನವೀರಪ್ಪ ಕೇಳಿದರು.

"ನಾನು ಲ್ಯಾಬಿನವ್ರನ್ನ ಕೇಳ್ದೆ ಸಾರ್. ಒಂದಿನ ಎರಡು ದಿನ ತಿಂದ್ರೆ ಏನೂ ಗೊತ್ತಾಗಲ್ವಂತೆ. ವರ್ಷಗಟ್ಟಲೆ ತಿಂದ್ರೆ ಏನು ಅಂತ ಅವ್ರಿಗೂ ಹೇಳಕ್ಕೆ ಬರಲ್ಲ. ಇಳಿದಿರೋದು ಏನು ಅಂತ ನೋಡೋಕೆ ಇನ್ನೊಂದು ಟೆಸ್ಟ್ ಬೇಕು. ಆದ್ರೆ ಮಿತಿ ಅಂತ ಇಟ್ಟಿರೋದು ಸುಮ್ನೆ ಅಲ್ಲ ಅಂದ್ರು."

"ಸುಮಂಗಲಾಗೆ ಫೋನ್ ಮಾಡಿ ಹೇಳ್ಬಿಡು."

"ಫೋನಲ್ಲಿ ಹೇಳೋ ಮಾತಲ್ಲ ಸಾರ್. ಹೋಗ್ಬರ್ತೀನಿ."

ಪೀಣ್ಯದಿಂದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಬೈಯಪ್ಪನಹಳ್ಳಿಯಲ್ಲಿ ಇಳಿದು, ಅಲ್ಲಿಂದ ಬಸ್ಸು. ಹೂಡಿ ಮುಟ್ಟುವ ಹೊತ್ತಿಗೆ ಎರಡು ತಾಸು ಕಳೆದಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮೊದಲ ವಾಕ್ಯವನ್ನು ಜೋಡಿಸುತ್ತಿದ್ದಳು, ಒಂದೂ ನಿಲ್ಲುತ್ತಿರಲಿಲ್ಲ.

ಸುಮಂಗಲಾಳ ಘಟಕವೆಂದರೆ ಹಳೇ ಊರಿನ ಗೌಡರೊಬ್ಬರ ಮನೆಯ ಹಿಂದಿನ ಶೀಟಿನ ಶೆಡ್ಡು. ದೊಡ್ಡ ಬಾಣಲೆಯಲ್ಲಿ ಶೇಂಗಾ ಹುರಿಯುವ ಸದ್ದು, ವಾಸನೆ. ಹೆಂಗಸರು ತಲೆಗೆ ಟೊಪ್ಪಿಗೆ ಹಾಕಿಕೊಂಡು ಸಿಪ್ಪೆ ಕೇರುತ್ತಿದ್ದರು. ಗೋಡೆಗೆ ಒಂದು ಚೌಕಟ್ಟು ತೂಗುಹಾಕಿತ್ತು. ಹತ್ತಿರ ಹೋದರೆ, ಅದರೊಳಗೆ ಇದ್ದದ್ದು ಗುರುಸಿದ್ಧದ ಪರೀಕ್ಷಾ ವರದಿಯ ಮೊದಲ ಪುಟ.

"ಅರೆ, ಮಹಾನಂದಾ! ಮೊದಲ ಹೇಳಿದ್ರ ರೊಟ್ಟಿ ಮಾಡಿಸ್ತಿದ್ನೆಲ್ಲ," ಎಂದು ಸುಮಂಗಲಾ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳ ಮುಖ ನೋಡಿ, "ಫಾರಂ ಆತಿಲ್ಲೋ?" ಎಂದಳು.

ಮಹಾನಂದಾ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ನೀರು, ಎಣ್ಣೆ, ಬದಲಾದ ಹಾಳೆ, ಹದಿನಾಲ್ಕೂವರೆ. ತಾನು ಓದದೆ ಕಳಿಸಿದೆ ಎಂಬುದನ್ನೂ ಬಿಡಲಿಲ್ಲ. ಸುಮಂಗಲಾ ಒಬ್ಬಳು ಹೆಂಗಸಿಗೆ ಒಲೆ ಆರಿಸಲು ಸನ್ನೆ ಮಾಡಿದಳು.

"ಈ ಕಾಗದ ಯಾಕ ಗ್ವಾಡಿಗೆ ಹಾಕೇನಿ ಗೊತ್ತೇನು?" ಎಂದಳು ಆಮೇಲೆ. ದನಿ ಏರಿರಲಿಲ್ಲ. "ಅಪಾರ್ಟ್‌ಮೆಂಟಿನ ಮೇಡಮ್ಮುಗಳು ಕೇಳ್ತಿದ್ರು, ಪ್ಲಾಸ್ಟಿಕ್ ಕವರ್ ಅಲ್ವಾ, ಸೇಫಾ ಅಂತ. ಅವರನ್ನ ಇಲ್ಲಿ ಕರಕೊಂಡು ಬಂದು ಇದನ್ನ ತೋರಸ್ತಿದ್ದೆ. ಇಂಗ್ಲಿಷ್ ಓದಾಕ ನನಗ ಬರೂದಿಲ್ಲ. ನೀವು ನಮ್ಮ ಕಡೆಯಾಕಿ, ಓದಿದಾಕಿ, ನೀವು ಕಳಿಸಿದ್ದು ಅಂತ ನಂಬಿದ್ದೆ. ನಾ ಕಾಗದಾ ನಂಬಲಿಲ್ರೀ, ನಿಮ್ಮನ್ನ ನಂಬಿದ್ದೆ."

"ತಪ್ಪಾತು ಅಕ್ಕಾರ."

"ತಪ್ಪಾತು ಅಂದ್ರ ಹೊಟ್ಟ್ಯಾಗ ಹೋಗಿದ್ದು ಹೊರಗ ಬರತೈತೇನು?"

ಮಹಾನಂದಾ ಹೊರಡಲು ತಿರುಗಿದಾಗ ಸುಮಂಗಲಾ ಕೂಗಿದಳು, "ನಿಲ್ರಿ. ಅಂಗಡ್ಯಾಗ ಎಷ್ಟು ಪ್ಯಾಕೆಟ್ ಅದಾವ ಅಂತ ನನ್ನ ಕಡೆ ಪಟ್ಟಿ ಐತಿ. ಐತವಾರ ತಗೀತೀನಿ ಎಲ್ಲಾ. ಬರೋದಿದ್ರ ಬರ್ರಿ."

ಭಾನುವಾರ ಬೆಳಿಗ್ಗೆ ಎಂಟಕ್ಕೆ ಹೂಡಿಯ ಶೆಡ್ಡಿನ ಮುಂದೆ ಗುರುಸಿದ್ಧದ ಟೆಂಪೋ ನಿಂತಿತ್ತು. ಅದನ್ನು ಓಡಿಸಿಕೊಂಡು ಬಂದವರು ಚನ್ನವೀರಪ್ಪ. ಮಹಾನಂದಾ ಅವರನ್ನು ಬರಲು ಕೇಳಿರಲಿಲ್ಲ. ಹೋಗುತ್ತಿದ್ದೇನೆ ಎಂದಷ್ಟೇ ಹೇಳಿದ್ದಳು. ಸುಮಂಗಲಾ ಅವರಿಗೆ ನಮಸ್ಕಾರವನ್ನೂ ಮಾಡಲಿಲ್ಲ. ಪಟ್ಟಿಯನ್ನು ಮಹಾನಂದಾಳ ಕೈಗಿಟ್ಟು ಮುಂದಿನ ಸೀಟಿನಲ್ಲಿ ಕೂತಳು.

ಹೂಡಿ, ಕಾಡುಗೋಡಿ, ಚನ್ನಸಂದ್ರ. ಅಪಾರ್ಟ್‌ಮೆಂಟುಗಳ ಕೆಳಗಿನ ಸಣ್ಣ ಅಂಗಡಿಗಳು, ಸ್ಟೇಷನ್ ಹತ್ತಿರದ ಬೇಕರಿಗಳು. ಪ್ರತಿ ಅಂಗಡಿಯಲ್ಲೂ ಅದೇ ಪ್ರಶ್ನೆ: "ಯಾಕಕ್ಕಾ, ಕೆಟ್ಟೋಗಿದ್ಯಾ?" ಮೊದಲ ಅಂಗಡಿಯಲ್ಲಿ ಸುಮಂಗಲಾ ಉತ್ತರಿಸುವ ಮೊದಲೇ ಚನ್ನವೀರಪ್ಪ ಮುಂದೆ ಬಂದರು. "ಚಟ್ನಿ ಚೆನ್ನಾಗೈತೆ ಸಾರ್. ಕವರು ಸರಿಯಿಲ್ಲ. ಕವರು ಮಾಡಿದೋನು ನಾನು," ಎಂದರು. ಆಮೇಲೆ ಎಲ್ಲ ಅಂಗಡಿಗಳಲ್ಲೂ ಅವರೇ ಹೇಳಿದರು. ಕಾಡುಗೋಡಿಯ ಒಬ್ಬ ಅಂಗಡಿಯವ ನಕ್ಕ. "ಯಾರೂ ಕಂಪ್ಲೇಂಟೇ ಮಾಡಿಲ್ವಲ್ಲ ಗುರು, ನೀವ್ಯಾಕೆ ಒದ್ದಾಡ್ತೀರಾ?" ಎಂದ. ಚನ್ನವೀರಪ್ಪ ಪ್ಯಾಕೆಟ್ಟುಗಳನ್ನು ಡಬ್ಬಕ್ಕೆ ತುಂಬಿದರು.

ಮಧ್ಯಾಹ್ನದ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ಪ್ಯಾಕೆಟ್ಟು ಶೆಡ್ಡಿಗೆ ಬಂದು ಬಿದ್ದವು. ಮಾರಿಹೋದದ್ದು ಅದರ ಎಷ್ಟೋ ಪಟ್ಟು, ಅದಕ್ಕೆ ಏನೂ ಮಾಡುವಂತಿರಲಿಲ್ಲ. ಅಂಗಡಿಗಳ ಬಾಗಿಲಿಗೆ ಅಂಟಿಸಲು ಒಂದು ಸಾಲು ಬರೆದುಕೊಟ್ಟು ಬಂದಿದ್ದರು: ಈ ಚಟ್ನಿ ಕೊಂಡವರು ತಿನ್ನಬೇಡಿ, ಪ್ಯಾಕೆಟ್ ವಾಪಸು ಕೊಡಿ.

ಎಲ್ಲರೂ ಕೆಳಗೆ ಕೂತು ಕತ್ತರಿ ಹಿಡಿದರು. ಪ್ಯಾಕೆಟ್ಟು ಕತ್ತರಿಸಿ, ಚಟ್ನಿಯನ್ನು ಡ್ರಮ್ಮಿಗೆ ಸುರಿದು, ಕವರನ್ನು ಬೇರೆ ಚೀಲಕ್ಕೆ ಹಾಕಬೇಕು. ಶೆಡ್ಡಿನ ತುಂಬ ಬೆಳ್ಳುಳ್ಳಿಯ ಘಮ. ಮರೆವ್ವ ಎಂಬ ಕೆಲಸದ ಹೆಂಗಸು ಒಂದು ಹಿಡಿ ಕೈಯಲ್ಲಿ ಹಿಡಿದು ನೋಡುತ್ತಾ, "ಇಷ್ಟು ಚಂದ ಐತಿ, ಚೆಲ್ಲೂದೇನ್ರೀ ಅಕ್ಕಾ? ಗಾಜಿನ ಬಾಟ್ಲ್ಯಾಗ ಹಾಕಿದ್ರ ಆಗೂದಿಲ್ಲಾ?" ಎಂದಳು.

"ಆಗ್ಲೇ ಕುಡದೈತಿ ಮರೆವ್ವ ಅದು. ಬಾಟ್ಲಿ ಬದಲಿಸಿದ್ರ ಏನಾತು?" ಎಂದಳು ಸುಮಂಗಲಾ.

ಮಹಾನಂದಾ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಅಂದು ರಾತ್ರಿಯೂಟದಲ್ಲಿ ತಿಂದಾಗಿನಂತೆಯೇ ಇತ್ತು. ಒಳ್ಳೆಯ ಚಟ್ನಿ. ಕಹಿಯಿದ್ದರೆ, ಹಳಸಿದ್ದರೆ, ಹುಳವಾದರೂ ಇದ್ದಿದ್ದರೆ ಯಾರಾದರೂ ಬಂದು ಬೈಯುತ್ತಿದ್ದರು, ವಿಷಯ ಅಂದೇ ಹೊರಬೀಳುತ್ತಿತ್ತು. ನಾಲಿಗೆಗೆ ಸಿಗದ್ದನ್ನು ಹಿಡಿಯುವುದಕ್ಕೆಂದೇ ಆ ಕಾಗದಗಳನ್ನು ಮಾಡಿದ್ದು. ತಿನ್ನುವವರ ಪರವಾಗಿ ಯಾರಾದರೊಬ್ಬರು ಓದುತ್ತಾರೆ ಎಂಬ ನಂಬಿಕೆಯ ಮೇಲೆ. ಆ ಒಬ್ಬರು ತಾನಾಗಿದ್ದೆ ಎಂಬುದು ಆರು ವರ್ಷದಲ್ಲಿ ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಪಕ್ಕದಲ್ಲಿ ಚನ್ನವೀರಪ್ಪ ಕತ್ತರಿಸಿದ ಕವರುಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಹಸಿರು ಸೀರೆಯುಟ್ಟ ಹೆಂಗಸು ಒರಳಿನ ಮುಂದೆ ಕೂತ ಚಿತ್ರ. ಆ ಹಸಿರನ್ನು ಬೆರೆಸಲು ಅವರು ಎರಡು ದಿನ ಯಂತ್ರದ ಮುಂದೆ ನಿಂತಿದ್ದರು. ಸಂಜೆ ಹೊರಡುವಾಗ ಸುಮಂಗಲಾ ಇಬ್ಬರಿಗೂ ಚಹಾ ಕೊಟ್ಟಳು. ಕೊಟ್ಟು ಒಲೆಯ ಕಡೆ ಹೋದಳು.

ಮುಂದಿನದನ್ನು ಚಿಕ್ಕದಾಗಿ ಹೇಳಬಹುದು. ಸೂಪರ್ ಮಾರ್ಕೆಟ್ಟಿನವರು ಸುಮಂಗಲಾಳಿಗೆ ಆ ವರ್ಷ ಜಾಗ ಕೊಡಲಿಲ್ಲ. ಕವರು ತಯಾರಾದ ಮೇಲೆ ಬನ್ನಿ ಎಂದರು. ಅವಳು ಗುರುಸಿದ್ಧವನ್ನು ಬಿಟ್ಟು ಬೊಮ್ಮಸಂದ್ರದ ಒಂದು ಕಂಪನಿಗೆ ಹೋದಳು. ಚನ್ನವೀರಪ್ಪ ಹಳೆಯ ಹಾಳೆಯನ್ನೇ ಮತ್ತೆ ತರಿಸಿದರು. ಮಹಾನಂದಾ ಉಳಿದ ಗಿರಾಕಿಗಳಲ್ಲಿ ಒಬ್ಬೊಬ್ಬರಿಗೂ ಫೋನ್ ಮಾಡಿ, ಯಾವ ವರದಿ ಯಾವ ಪದಾರ್ಥಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂದು ಹೇಳಿದಳು. ಕೊಬ್ಬರಿ ಮಿಠಾಯಿಯವರು, ಉಪ್ಪಿನಕಾಯಿಯವರು ಮಾಲು ವಾಪಸು ಕಳಿಸಿದರು. ಒಬ್ಬರು, "ಇದನ್ನ ಯಾಕೆ ನಂಗೆ ಹೇಳಿದ್ರಿ? ಈಗ ನಂಗೂ ಗೊತ್ತಾಯ್ತಲ್ಲ!" ಎಂದು ರೇಗಿದರು. ಮಹಾನಂದಾಳಿಗೆ ಆ ಮನುಷ್ಯನ ಮೇಲೆ ಸಿಟ್ಟು ಬರಲಿಲ್ಲ. ಮೂರನೇ ಪುಟ ತೆರೆದ ಮಧ್ಯಾಹ್ನ ತನಗೂ ಹಾಗೆಯೇ ಅನ್ನಿಸಿತ್ತು.

ಕಾರ್ಖಾನೆಯಲ್ಲಿ ಕೆಲಸ ಒಂದಷ್ಟು ತಿಂಗಳು ಕಡಿಮೆಯಾಯಿತು. ಯಮನೂರನಿಗೆ ಓವರ್‌ಟೈಮ್ ಹೋಯಿತು. ಅವನು ಅದಕ್ಕಾಗಿ ಅವಳ ಮೇಲೆ ಸ್ವಲ್ಪ ದಿನ ಮುನಿಸಿಕೊಂಡಿದ್ದ. ಚನ್ನವೀರಪ್ಪ ಮಾತ್ರ ಒಂದು ಹೊಸ ಪದ್ಧತಿ ಹಿಡಿದರು. ಸಹಿಗೆ ಕಾಗದ ಬಂದರೆ ಕುರ್ಚಿ ತೋರಿಸಿ, "ಕೂತ್ಕೊ. ಕನ್ನಡದಲ್ಲಿ ಓದು," ಎನ್ನುತ್ತಿದ್ದರು. ಕಣ್ಣು ಮುಚ್ಚಿ ಪೂರ್ತಿ ಕೇಳುತ್ತಿದ್ದರು. ಕೆಲವೊಮ್ಮೆ, "ಇದು ನಮಗೆ ಗೊತ್ತಾ, ಇಲ್ಲ ಬರೀ ಅಂದ್ಕೊಂಡಿದೀವಾ?" ಎಂದು ಕೇಳುತ್ತಿದ್ದರು. ಅಂದುಕೊಂಡಿದ್ದಾದರೆ ಸಹಿ ಬೀಳುತ್ತಿರಲಿಲ್ಲ. ಇದರಿಂದ ಕೆಲಸ ನಿಧಾನವಾಗಿ, ಮಹಾನಂದಾಳಿಗೆ ಎಷ್ಟೋ ಸಲ ತಲೆಬಿಸಿಯಾಗುತ್ತಿತ್ತು.

ನವೆಂಬರಿನಲ್ಲಿ ಒಂದು ದಿನ ಸುಮಂಗಲಾಳ ನಂಬರಿನಿಂದ ಫೋನ್ ಬಂತು. ಒಂಬತ್ತು ತಿಂಗಳಾಗಿತ್ತು. ಮಹಾನಂದಾ ಎತ್ತುವ ಮೊದಲು ಎರಡು ರಿಂಗು ಬಿಟ್ಟಳು.

"ಬೊಮ್ಮಸಂದ್ರದವರು ರಿಪೋರ್ಟ್ ಕೊಟ್ಟಾರ," ಎಂದಳು ಸುಮಂಗಲಾ, ಕುಶಲ ಕೇಳದೆ. "ಆರು ಪುಟ ಐತಿ. ಎಲ್ಲಾ ಸರಿ ಐತಿ ಮೇಡಂ ಅಂತಾರ. ನಂಗ ನಿದ್ದಿ ಬರವಲ್ದು. ನೀವು ಓದಿ ಹೇಳ್ತೀರೇನು?"

"ಅಕ್ಕಾರ, ನಾ ಅವರ ಎದುರು ಕಂಪನಿಯಾಕಿ. ನಮ್ಮ ಸಾಹೇಬ್ರನ್ನ ಕೇಳಬೇಕಾಗ್ತೈತಿ."

"ಕೇಳ್ರಿ."

ಅವಳು ಫೋನ್ ಕೈಯಲ್ಲಿ ಹಿಡಿದೇ ಒಳಕೋಣೆಗೆ ಹೋಗಿ ಹೇಳಿದಳು. ಚನ್ನವೀರಪ್ಪ ತುಸು ಹೊತ್ತು ಗಲ್ಲ ತುರಿಸಿಕೊಂಡರು. "ಓದಿ ಹೇಳು. ಇದ್ದಿದ್ದು ಇದ್ದಂಗೆ ಹೇಳು. ಸರಿಯಿದ್ರೆ ಸರಿಯಿದೆ ಅನ್ನು," ಎಂದರು.

ವಾಟ್ಸಾಪಿನಲ್ಲಿ ಆರು ಫೋಟೋ ಬಂದವು. ಮಹಾನಂದಾ ಬಾಗಿಲು ಮುಂದೆ ಮಾಡಿ, ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದಳು. ಆಚೆ ಕಡೆ ಒಲೆಯ ಸದ್ದು ನಿಂತಿತ್ತು, ಹೆಂಗಸರೂ ಕೇಳಿಸಿಕೊಳ್ಳುತ್ತಿದ್ದರೇನೋ. ಒಳಹಾಳೆಯವರ ಪತ್ರದಲ್ಲಿ ಆಹಾರ ಎಂಬ ಶಬ್ದ ಇತ್ತು. ಎಣ್ಣೆಯ ಸಾಲಿನಲ್ಲಿ ಇಳಿದದ್ದು ಮೂರು ಚಿಲ್ಲರೆ.

"ಸರಿ ಐತ್ರಿ ಅಕ್ಕಾರ. ಪಾಸ್ ಆಗೇತಿ."

"ನೀರಿಗೋ, ಎಣ್ಣಿಗೋ?"

"ಎಣ್ಣಿಗೆ."

ಸುಮಂಗಲಾ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. "ಶೇಖವ್ವಾರು ಆರಾಮ ಅದಾರ?" ಎಂದಳು ಆಮೇಲೆ, ಮೆಲ್ಲಗೆ.

"ಆರಾಮ ಅದಾರ್ರೀ," ಎಂದು ಮಹಾನಂದಾ ಹೇಳಿದಳು. ಅವರು ಇನ್ನೂ ಹತ್ತು ನಿಮಿಷ ಮಾತಾಡಿದರು.